ಜೋಡಿಯಾಟದ ಬೋಪಣ್ಣ

ಶಹಾಪುರ ತಾಲೂಕಿನ ವನದುರ್ಗದಲ್ಲಿ, ಸುರಪುರದ ನಾಯಕರ ಕಾಲದ ಹಳೆಯ ಕೋಟೆಯ ಹೊರಗೆ, ಎರೆಹೊಲಗಳ ದಾರಿಯಲ್ಲಿ ಹಿರಿಯ ರೈತರೊಬ್ಬರೊಡನೆ ಮಾತಿಗೆ ನಿಂತಿದ್ದೆ. ಅವರ ಜೋಡೆತ್ತುಗಳಲ್ಲಿ ಒಂದು ತೀರಿಹೋಗಿತ್ತು. ಉಳಿದ ಎತ್ತಿಗೆ ಜೊತೆ ಹುಡುಕಲು ಅವರು ಎರಡು ಜಾತ್ರೆಗಳನ್ನು ತಿರುಗಿ ಬರಿಗೈಯಲ್ಲಿ ಮರಳಿದ್ದರು. “ಎತ್ತು ಬೇಕಾದಷ್ಟು ಸಿಗತಾವ್ರೀ, ಜೋಡಿ ಸಿಗೂದು ಕಷ್ಟ. ಒಂದರ ಹೆಜ್ಜಿ ಇನ್ನೊಂದಕ್ಕ ತಿಳೀಬೇಕು” ಎಂದರು.

2025ರ ನವೆಂಬರ್ 1ರಂದು, ನಾವೆಲ್ಲ ರಾಜ್ಯೋತ್ಸವದ ಸಂಭ್ರಮದಲ್ಲಿದ್ದ ದಿನವೇ, ಒಂದು ಸುದ್ದಿ ಬಂದಿತು. ಕೊಡಗಿನ ರೋಹನ್ ಬೋಪಣ್ಣನವರು ವೃತ್ತಿ ಟೆನ್ನಿಸ್ಸಿಗೆ ವಿದಾಯ ಹೇಳಿದರು ಎಂಬುದೇ ಆ ಸುದ್ದಿ. ಅವರಿಗೆ ಆಗ 45 ವರ್ಷ. ವನದುರ್ಗದ ಆ ರೈತರ ಮಾತು ನನಗೆ ಕೂಡಲೇ ನೆನಪಾಯಿತು. ಏಕೆಂದರೆ ಬೋಪಣ್ಣನವರ ಬದುಕೆಲ್ಲ ಸರಿಯಾದ ಜೋಡಿಗಾಗಿ ನಡೆಸಿದ ಹುಡುಕಾಟ. ಆ ಹುಡುಕಾಟ ಮುಗಿಯುವವರೆಗೆ ತಮ್ಮನ್ನು ತಾವು ಸಿದ್ಧವಾಗಿಟ್ಟುಕೊಂಡ ಸಾಹಸ. ಅವರ ಹೆಸರನ್ನು ನೀವು ವಾರ್ತೆಗಳಲ್ಲಿ ಹಲವು ಬಾರಿ ಕೇಳಿರಬಹುದು. ಆದರೆ ಕೇಳಿದ ಹೆಸರಿನ ಹಿಂದಿನ ಕಥೆ ಎಲ್ಲರಿಗೂ ತಿಳಿದಿರಲಾರದು. ಅದನ್ನು ಆಮೂಲಾಗ್ರವಾಗಿ ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಆಟದ ಪೂರ್ವಕಥೆಯನ್ನು ಸ್ವಲ್ಪ ತಿಳಿಯೋಣ. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆಯನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದ ಮೆಡೋಸ್ ಟೇಲರ್ ಸಾಹೇಬರು ಅದನ್ನು 1844ರಲ್ಲಿ ಕಟ್ಟಿಸಿದರು. ಆಂಗ್ಲರ ಬಂಗಲೆಯೆಂದರೆ ಟೆನ್ನಿಸ್ ಅಂಗಳವೂ ಇದ್ದೇ ಇರಬೇಕೆಂದು ನಾವು ಭಾವಿಸುತ್ತೇವೆ, ಅಲ್ಲವೆ? ಆದರೆ ಆ ಕಾಲಕ್ಕೆ ಲಾನ್ ಟೆನ್ನಿಸ್ ಎಂಬ ಆಟ ಇನ್ನೂ ಹುಟ್ಟಿಯೇ ಇರಲಿಲ್ಲ. ಗೋಡೆಗಳ ನಡುವೆ ಆಡುವ ಹಳೆಯ ಟೆನ್ನಿಸ್ ಯೂರೋಪಿನ ಅರಮನೆಗಳಲ್ಲಿ ಇದ್ದಿತು. ಅದನ್ನು ಹುಲ್ಲುಹಾಸಿನ ಮೇಲೆ ಆಡುವ ಹೊಸ ಪದ್ಧತಿಗೆ ಮೇಜರ್ ವಿಂಗ್‌ಫೀಲ್ಡ್ ಎಂಬ ಸೇನಾಧಿಕಾರಿ ಲಂಡನ್ನಿನಲ್ಲಿ ಹಕ್ಕುಪತ್ರ ಪಡೆದದ್ದು 1874ರಲ್ಲಿ. ಮೂರು ವರ್ಷಗಳ ತರುವಾಯ, 1877ರಲ್ಲಿ, ವಿಂಬಲ್ಡನ್ನಿನ ಮೊದಲನೆಯ ಪಂದ್ಯಾವಳಿ ನಡೆಯಿತು.

ಅಲ್ಲಿಂದ ಆಟವು ಹಡಗು ಹತ್ತಿ ಭಾರತಕ್ಕೆ ಬಂದಿತು. ದಂಡುಪ್ರದೇಶಗಳು, ಜಿಮ್ಖಾನಾಗಳು, ಕಾಫಿ ತೋಟದ ದೊರೆಗಳ ಕ್ಲಬ್ಬುಗಳು ಇದರ ಮೊದಲ ನೆಲೆಗಳು. ಬಹುಕಾಲ ನಮ್ಮವರ ಪಾಲಿಗೆ ಬಂದದ್ದು ಚೆಂಡು ಹೆಕ್ಕಿ ಕೊಡುವ ಕೆಲಸ ಮಾತ್ರ. ಆದರೂ ಆಟ ಬೇಲಿ ದಾಟಿತು. 1921ರಲ್ಲಿ ಭಾರತ ಡೇವಿಸ್ ಕಪ್ಪಿನಲ್ಲಿ ಮೊದಲ ಬಾರಿಗೆ ಆಡಿತು. 1939ರಲ್ಲಿ ಘೌಸ್ ಮಹಮ್ಮದರು ವಿಂಬಲ್ಡನ್ನಿನ ಕೊನೆಯ ಎಂಟು ಜನರಲ್ಲಿ ಒಬ್ಬರಾದರು. ರಾಮನಾಥನ್ ಕೃಷ್ಣನ್ನರು 1960 ಮತ್ತು 1961ರಲ್ಲಿ ಅದೇ ವಿಂಬಲ್ಡನ್ನಿನ ಉಪಾಂತ್ಯವನ್ನು ತಲುಪಿದರು. 1966ರಲ್ಲಿ ಭಾರತವು ಡೇವಿಸ್ ಕಪ್ಪಿನ ಅಂತಿಮ ಸುತ್ತನ್ನೇ ಮುಟ್ಟಿತು. ಮೆಲ್ಬರ್ನಿನಲ್ಲಿ ನಡೆದ ಆ ಸುತ್ತಿನಲ್ಲಿ ಆಸ್ಟ್ರೇಲಿಯ ಗೆದ್ದಿತು ನಿಜ. ಆದರೆ ಭಾರತ ಗಳಿಸಿದ ಒಂದೇ ಒಂದು ಗೆಲುವು ಯಾವುದು ಗೊತ್ತೆ? ಕೃಷ್ಣನ್ ಮತ್ತು ಜಯದೀಪ್ ಮುಖರ್ಜಿ ಜೋಡಿಯಾಗಿ ನ್ಯೂಕೂಂಬ್ ಮತ್ತು ರೋಚ್ ಅವರನ್ನು ಸೋಲಿಸಿದ ಪಂದ್ಯ. ಜೋಡಿಯಾಟದಲ್ಲಿ ನಮ್ಮವರ ಕೈ ಪಳಗಿದೆಯೆಂಬುದಕ್ಕೆ ಅದೊಂದು ಹಳೆಯ ಸಾಕ್ಷಿ.

ಆ ದಿನಗಳಲ್ಲಿ ದೊಡ್ಡ ಪಂದ್ಯಾವಳಿಗಳಲ್ಲಿ ಹಣಕ್ಕಾಗಿ ಆಡುವವರಿಗೆ ಪ್ರವೇಶವಿರಲಿಲ್ಲ. ಹವ್ಯಾಸಿಗಳು ಬೇರೆ, ವೃತ್ತಿಯವರು ಬೇರೆ ಎಂದು ಗೆರೆ ಎಳೆದಿದ್ದರು. 1968ರಲ್ಲಿ ಆ ಗೆರೆ ಅಳಿಸಿತು. ಅಂದಿನಿಂದ ಮುಂದಿನ ಕಾಲವನ್ನು ಟೆನ್ನಿಸ್ಸಿನ ಇತಿಹಾಸಕಾರರು ‘ಮುಕ್ತ ಯುಗ’ ಎಂದು ಕರೆಯುತ್ತಾರೆ. ಆಟವೇ ಜೀವನೋಪಾಯವಾದ ಮೇಲೆ ಆಟಗಾರನು ವರ್ಷದ ಹೆಚ್ಚಿನ ದಿನಗಳನ್ನು ಊರೂರು, ದೇಶದೇಶ ಅಲೆಯುತ್ತ ಕಳೆಯಬೇಕು. ಗೆದ್ದರೆ ಸಂಪಾದನೆ, ಸೋತರೆ ಮುಂದಿನ ಊರಿಗೆ ಪಯಣ. ಗೆಲುವಿಗೆ ತಕ್ಕಂತೆ ಅಂಕ, ಅಂಕಕ್ಕೆ ತಕ್ಕಂತೆ ವಾರವಾರದ ಪಟ್ಟಿಯಲ್ಲಿ ಸ್ಥಾನ. ಬೋಪಣ್ಣನವರು ಈ ಬಗೆಯ ಬದುಕಿಗೆ ಕಾಲಿಟ್ಟದ್ದು 2003ರಲ್ಲಿ.

ಇನ್ನು ಜೋಡಿಯಾಟದ ಸ್ವರೂಪ. ಟೆನ್ನಿಸ್ ಅಂಗಳದ ಉದ್ದ 78 ಅಡಿ. ಒಬ್ಬರಿಗೊಬ್ಬರು ಎದುರಾಗಿ ಆಡುವಾಗ ಅಗಲ 27 ಅಡಿ. ಇಬ್ಬಿಬ್ಬರು ಆಡುವಾಗ ಎರಡೂ ಬದಿಗೆ ನಾಲ್ಕೂವರೆ ಅಡಿ ಸೇರಿ 36 ಅಡಿ. ಇಬ್ಬರು ಸೇರಿದರೂ ಅಂಗಳ ಎರಡು ಪಾಲಾಗುವುದಿಲ್ಲ ಎಂಬುದನ್ನು ಗಮನಿಸಿ. ಹಾಗಾಗಿ ಓಟ ಕಡಿಮೆ, ಆದರೆ ಯೋಚಿಸಲು ಸಿಗುವ ಸಮಯ ಅದಕ್ಕಿಂತಲೂ ಕಡಿಮೆ. ಒಬ್ಬನು ಹಿಂದಿನಿಂದ ಸರ್ವ್ ಮಾಡುವಾಗ ಇನ್ನೊಬ್ಬನು ಬಲೆಯ ಬಳಿ ಬಾಗಿ ನಿಂತಿರುತ್ತಾನೆ. ನಡುವೆ ಬಂದ ಚೆಂಡು ಯಾರದು? ನಾನು ಮುಂದೆ ನುಗ್ಗಿದರೆ ಬಿಟ್ಟ ಜಾಗವನ್ನು ನೀನು ತುಂಬುವೆಯಾ? ಇದನ್ನೆಲ್ಲ ಬಾಯಿಬಿಟ್ಟು ಹೇಳಲು ವ್ಯವಧಾನವಿಲ್ಲ. ಬೆನ್ನ ಹಿಂದೆ ಬೆರಳ ಸನ್ನೆ, ಒಂದು ಪಿಸುಮಾತು, ಅಷ್ಟೆ. ಉಳಿದದ್ದು ಬಳಕೆಯಿಂದ ಬರಬೇಕು.

ಆದರೂ ಜಗತ್ತು ಒಂಟಿ ಆಟಗಾರನಿಗೇ ಹೆಚ್ಚು ಮಣೆ ಹಾಕುತ್ತದೆ. ಹಣ ಅಲ್ಲಿ ಹೆಚ್ಚು, ಹೆಸರು ಅಲ್ಲಿ ಹೆಚ್ಚು, ನೋಡುವವರೂ ಅಲ್ಲಿಯೇ ಹೆಚ್ಚು. ಜೋಡಿಯಾಟಗಾರರು ಅನೇಕ ವೇಳೆ ಪಕ್ಕದ ಸಣ್ಣ ಅಂಗಳಗಳಲ್ಲಿ, ಅರ್ಧ ಖಾಲಿಯಾದ ಬೆಂಚುಗಳ ಮುಂದೆ ಆಡುತ್ತಾರೆ. ಅಂಥ ಅಂಗಳಗಳಲ್ಲಿ ಎರಡು ದಶಕ ಕಳೆದವರ ಕಥೆ ಇದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದಕ್ಕೆ ಓದಬೇಕು.

ರೋಹನ್ ಮಚ್ಚಂಡ ಬೋಪಣ್ಣ ಹುಟ್ಟಿದ್ದು 1980ರ ಮಾರ್ಚ್ 4ರಂದು, ಬೆಂಗಳೂರಿನಲ್ಲಿ. ಬೆಳೆದದ್ದು ಕೊಡಗಿನಲ್ಲಿ, ತಂದೆಯವರ ಕಾಫಿ ತೋಟದ ಮಡಿಲಲ್ಲಿ. ಕೊಡಗೆಂದರೆ ಸೈನಿಕರ ನಾಡು, ಹಾಕಿಯ ನಾಡು. 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಕೊಡವ ಮನೆತನಗಳ ಹಾಕಿ ಹಬ್ಬದಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಕೋಲು ಹಿಡಿಯುತ್ತಾರೆ. ಬಾಲಕ ರೋಹನನಿಗೂ ಹಾಕಿ, ಕಾಲ್ಚೆಂಡುಗಳೆಂದರೆ ಪ್ರೀತಿ. ಹನ್ನೊಂದನೆಯ ವಯಸ್ಸಿನಲ್ಲಿ ಅವನ ಕೈಗೆ ಟೆನ್ನಿಸ್ ರ್ಯಾಕೆಟ್ಟು ಬಂದಿತು. ಮಗ ಒಬ್ಬನೇ ನಿಂತು ಆಡುವ ಆಟವೊಂದನ್ನು ಕಲಿಯಲೆಂದು ತಂದೆಯವರು ಬಯಸಿದ್ದರು. ಆ ಮಗನೇ ಮುಂದೆ ಇನ್ನೊಬ್ಬರ ಜೊತೆ ನಿಂತು ಆಡುವುದರಲ್ಲಿ ಹೆಸರಾದದ್ದು ಒಂದು ಸೋಜಿಗ.

ಇಂದಿನ ಮಕ್ಕಳಿಗೆ ದೊಡ್ಡ ಪಟ್ಟಣಗಳಲ್ಲಿ ದೊರೆಯುವ ವ್ಯಾಯಾಮಶಾಲೆಗಳು ಆ ಮಲೆಸೀಮೆಯಲ್ಲಿ ಎಲ್ಲಿಂದ ಬರಬೇಕು? ಸರ್ವ್ ಹೊಡೆಯುವ ತೋಳಿಗೆ ಬಲ ಬರಲೆಂದು ಹುಡುಗ ಸೌದೆ ಒಡೆದನು. ದಮ್ಮು ಕೂಡಲೆಂದು ಕಾಫಿ ಗಿಡಗಳ ನಡುವಿನ ಏರು ಹಾದಿಯಲ್ಲಿ ಓಡಿದನು. ಬಿರುಕು ಬಿಟ್ಟ ಅಂಗಳಗಳಲ್ಲಿ ಚೆಂಡಿನ ಬೆನ್ನು ಹತ್ತಿದನು. ನಿವೃತ್ತಿಯ ದಿನ ಬರೆದ ವಿದಾಯಪತ್ರದಲ್ಲಿ ಬೋಪಣ್ಣನವರು ಈ ಸಂಗತಿಗಳನ್ನೇ ಮೊದಲು ನೆನೆದರು. ಅವರ ಸರ್ವಿಗೆ ಎದುರಾಳಿಗಳು ಕೊನೆಯವರೆಗೂ ಅಂಜುತ್ತಿದ್ದರೆಂಬುದನ್ನು ಬಲ್ಲವರಿಗೆ ಆ ಸೌದೆಯ ಮಹಿಮೆ ಅರ್ಥವಾಗುತ್ತದೆ.

ಹದಿಹರೆಯದಲ್ಲಿ ಅವರು ಪುಣೆಗೆ ಹೋಗಿ ನಂದನ್ ಬಾಳ್ ಅವರ ತರಬೇತಿ ಕೇಂದ್ರದಲ್ಲಿ ಕಲಿತರು. ಟೆನ್ನಿಸ್ಸೇ ತನ್ನ ದಾರಿ ಎಂಬುದು ಗಟ್ಟಿಯಾದದ್ದು ಹತ್ತೊಂಬತ್ತರ ಸುಮಾರಿಗೆ. ಈ ಆಟದಲ್ಲಿ ಅದು ತಡವಾದ ನಿರ್ಧಾರ. ಹದಿನೇಳಕ್ಕೆ ವಿಂಬಲ್ಡನ್ ಗೆದ್ದವರು ಇದ್ದಾರೆ. ಆದರೂ 2002ರಲ್ಲಿ ಡೇವಿಸ್ ಕಪ್ ತಂಡಕ್ಕೆ ಅವರಿಗೆ ಕರೆ ಬಂದಿತು. ಕರ್ನಾಟಕದಿಂದ ಅವರಿಗಿಂತ ಮುಂಚೆ ಮೈಸೂರಿನ ಪ್ರಹ್ಲಾದ ಶ್ರೀನಾಥರು ಆ ತಂಡದಲ್ಲಿ ಆಡಿದ್ದರು. ಬೆಂಗಳೂರಿನಲ್ಲಿ ನೆಲೆಸಿದ್ದ ಮಹೇಶ್ ಭೂಪತಿಯವರು ಆಗಲೇ ಜಗತ್ಪ್ರಸಿದ್ಧರಾಗಿದ್ದರು. 1999ರಲ್ಲಿ ಲಿಯಾಂಡರ್ ಪೇಸ್ ಮತ್ತು ಭೂಪತಿಯವರು ಒಂದೇ ವರ್ಷ ನಾಲ್ಕೂ ಗ್ರ್ಯಾಂಡ್ ಸ್ಲ್ಯಾಮ್ ಪಂದ್ಯಾವಳಿಗಳ ಜೋಡಿ ವಿಭಾಗದ ಅಂತಿಮ ಪಂದ್ಯ ತಲುಪಿ, ಎರಡನ್ನು ಗೆದ್ದು, ದೇಶದ ಕಣ್ಣನ್ನು ಜೋಡಿಯಾಟದ ಕಡೆಗೆ ತಿರುಗಿಸಿದ್ದರು.

ಒಂಟಿ ಆಟದಲ್ಲಿ ಬೋಪಣ್ಣನವರು ತಲುಪಿದ ಅತ್ಯುನ್ನತ ಸ್ಥಾನ 213. ಅದು 2007ರಲ್ಲಿ. ಕಡಿಮೆ ಸಾಧನೆಯೇನಲ್ಲ, ಆದರೆ ದೊಡ್ಡ ಪಂದ್ಯಾವಳಿಗಳಿಗೆ ನೇರ ಪ್ರವೇಶ ದೊರಕಿಸುವ ಸ್ಥಾನವೂ ಅಲ್ಲ. ಎತ್ತರದ ನಿಲುವು, ಬಿರುಸಾದ ಸರ್ವ್, ಒಂದೇ ಕೈಯ ಸುಂದರವಾದ ಹಿಂಗೈ ಹೊಡೆತ, ಬಲೆಯ ಬಳಿ ಚುರುಕು: ಇವೆಲ್ಲ ಜೋಡಿಯಾಟಕ್ಕೆ ಹೇಳಿ ಮಾಡಿಸಿದ ಗುಣಗಳು. 2008ರಲ್ಲಿ ಅಮೆರಿಕದ ಎರಿಕ್ ಬ್ಯುಟೊರಾಕ್ ಅವರೊಡನೆ ಲಾಸ್ ಏಂಜಲಿಸ್‌ನಲ್ಲಿ ಮೊದಲನೆಯ ದೊಡ್ಡ ಪ್ರಶಸ್ತಿ ಬಂದಿತು. ಜೋಡಿಯ ಹುಡುಕಾಟ ಅಲ್ಲಿಂದ ಆರಂಭವಾಯಿತೆನ್ನಬಹುದು.

ಆ ಹುಡುಕಾಟದಲ್ಲಿ ಮೊದಲು ಕೈಹಿಡಿದವರು ಲಾಹೋರಿನ ಐಸಾಮ್ ಉಲ್ ಹಕ್ ಖುರೇಶಿ. ಒಬ್ಬರು ಭಾರತದವರು, ಇನ್ನೊಬ್ಬರು ಪಾಕಿಸ್ತಾನದವರು. 2010ರಲ್ಲಿ ಇಬ್ಬರೂ ಸೇರಿ ಜೋಹಾನ್ಸ್‌ಬರ್ಗಿನಲ್ಲಿ ಪ್ರಶಸ್ತಿ ಗೆದ್ದು, ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಅಮೆರಿಕನ್ ಓಪನ್ ಅಂತಿಮ ಪಂದ್ಯವನ್ನು ತಲುಪಿದರು. ಎದುರಿಗಿದ್ದವರು ಬ್ರಯನ್ ಸಹೋದರರು, ತಾಯಗರ್ಭದಿಂದಲೇ ಜೋಡಿಯಾಗಿ ಬಂದ ಅವಳಿಗಳು. ಎರಡೂ ಸೆಟ್ಟುಗಳು ಟೈಬ್ರೇಕರಿನವರೆಗೆ ಹೋಗಿ, ಬೋಪಣ್ಣ ಮತ್ತು ಖುರೇಶಿ ಸೋತರು. ಆದರೆ ಅಂದು ಪ್ರೇಕ್ಷಕರ ನಡುವೆ ವಿಶ್ವಸಂಸ್ಥೆಯಲ್ಲಿನ ಭಾರತದ ರಾಯಭಾರಿಯೂ ಪಾಕಿಸ್ತಾನದ ರಾಯಭಾರಿಯೂ ಒಂದೇ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿದ್ದರು. ಯುದ್ಧ ನಿಲ್ಲಲಿ, ಟೆನ್ನಿಸ್ ನಡೆಯಲಿ ಎಂಬ ಅರ್ಥದ ಮಾತನ್ನು ಆ ಗೆಳೆಯರು ಅಂಗಿಯ ಮೇಲೆ ಬರೆಸಿಕೊಂಡಿದ್ದರು. ಆ ವರ್ಷ ಅವರಿಗೆ ಆರ್ಥರ್ ಆಶ್ ಹೆಸರಿನ ಮಾನವಸೇವಾ ಗೌರವವೂ ದೊರೆಯಿತು. ವಾಘಾ ಗಡಿಯ ಗೆರೆಯ ಮೇಲೆಯೇ ಬಲೆ ಕಟ್ಟಿ ಆಡಬೇಕೆಂಬುದು ಅವರಿಬ್ಬರ ಕನಸಾಗಿತ್ತು.

ಅದೇ ತಿಂಗಳು ಚೆನ್ನೈನಲ್ಲಿ ಬ್ರೆಜಿಲ್ ವಿರುದ್ಧ ಡೇವಿಸ್ ಕಪ್ ಪಂದ್ಯಗಳು. ಮೊದಲ ದಿನ ಭಾರತ ಎರಡೂ ಒಂಟಿ ಪಂದ್ಯಗಳನ್ನು ಸೋತಿತು. ಸೋತವರಲ್ಲಿ ಬೋಪಣ್ಣನವರೂ ಒಬ್ಬರು. ಎರಡನೆಯ ದಿನ ಪೇಸ್ ಮತ್ತು ಭೂಪತಿ ಗೆದ್ದರು. ಮೂರನೆಯ ದಿನ ಸೋಮದೇವ್ ದೇವವರ್ಮನ್ ಗೆದ್ದು ಲೆಕ್ಕವನ್ನು ಸಮ ಮಾಡಿದರು. ಕಟ್ಟಕಡೆಯ ಪಂದ್ಯದ ಭಾರ ಬೋಪಣ್ಣನವರ ಹೆಗಲಿಗೆ ಬಿದ್ದಿತು. ರಿಕಾರ್ಡೊ ಮೆಲ್ಲೊ ಅವರನ್ನು ಮೂರು ನೇರ ಸೆಟ್ಟುಗಳಲ್ಲಿ ಸೋಲಿಸಿ ಅವರು ಭಾರತವನ್ನು ದಡ ಮುಟ್ಟಿಸಿದರು. ನಾಲ್ಕು ವರ್ಷಗಳ ತರುವಾಯ, 2014ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಗಳದಲ್ಲಿ ಸೆರ್ಬಿಯ ವಿರುದ್ಧ ಪೇಸ್ ಅವರೊಡನೆ ಆಡುತ್ತ, ಎರಡು ಸೆಟ್ಟು ಸೋತ ಮೇಲೆ ಮೂರನ್ನು ಸತತವಾಗಿ ಗೆದ್ದರು. ಆ ಸಲ ಭಾರತ ಒಟ್ಟಿನಲ್ಲಿ ಸೋತರೂ ತವರಿನ ಜನ ಆ ಸಂಜೆಯನ್ನು ಮರೆಯಲಿಲ್ಲ.

ಎಲ್ಲ ಜೋಡಿಗಳೂ ಕೂಡಿ ಬರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. 2012ರ ಲಂಡನ್ ಒಲಿಂಪಿಕ್ಸಿಗೆ ಯಾರು ಯಾರ ಜೊತೆ ಆಡಬೇಕೆಂಬ ವಿಷಯದಲ್ಲಿ ದೊಡ್ಡ ವಿವಾದವೆದ್ದಿತು. ಭೂಪತಿ ಮತ್ತು ಬೋಪಣ್ಣ ಪೇಸ್ ಅವರೊಡನೆ ಆಡಲು ಒಪ್ಪಲಿಲ್ಲ. ಕೊನೆಗೆ ಅವರಿಬ್ಬರೂ ಜೊತೆಯಾಗಿ ಆಡಿ ಎರಡನೆಯ ಸುತ್ತಿನಲ್ಲಿ ಸೋತರು. ಅನಂತರ ಅಖಿಲ ಭಾರತ ಟೆನ್ನಿಸ್ ಸಂಘ ಅವರನ್ನು ರಾಷ್ಟ್ರೀಯ ತಂಡದಿಂದ ಹೊರಗಿಟ್ಟಿತು. ಕರ್ನಾಟಕ ಉಚ್ಚ ನ್ಯಾಯಾಲಯ ಆ ಆಜ್ಞೆಗೆ ತಡೆ ನೀಡಿತು. ಆಟದ ಕಥೆಯಲ್ಲಿ ಇಂಥ ಪುಟಗಳು ಓದಲು ಹಿತವಲ್ಲ. ಆದರೆ ಅವನ್ನು ಹರಿದುಹಾಕಿದರೆ ಇತಿಹಾಸ ಪ್ರಾಮಾಣಿಕವಾಗಿ ಉಳಿಯುವುದಿಲ್ಲ. 2016ರ ರಿಯೊ ಒಲಿಂಪಿಕ್ಸಿನಲ್ಲಿ ಸಾನಿಯಾ ಮಿರ್ಜಾ ಅವರೊಡನೆ ಮಿಶ್ರ ಜೋಡಿಯಾಟದಲ್ಲಿ ಉಪಾಂತ್ಯ ತಲುಪಿ, ಅಲ್ಲಿ ಸೋತು, ಕಂಚಿನ ಪದಕದ ಪಂದ್ಯವನ್ನೂ ಸೋತು, ನಾಲ್ಕನೆಯವರಾಗಿ ಮನೆಗೆ ಮರಳಿದರು. ಪದಕಕ್ಕೂ ಬರಿಗೈಗೂ ನಡುವಿನ ಆ ನಾಲ್ಕನೆಯ ಸ್ಥಾನ ಕ್ರೀಡಾಪಟುವಿಗೆ ಎಷ್ಟು ಕಹಿಯೆಂಬುದನ್ನು ವಿವರಿಸಬೇಕಾಗಿಲ್ಲ.

2017ರ ಜೂನ್ 8ರಂದು ಪ್ಯಾರಿಸ್ಸಿನ ಕೆಂಪು ಮಣ್ಣಿನ ಮೇಲೆ ಕಹಿ ಸ್ವಲ್ಪ ತೊಳೆದುಹೋಯಿತು. ಕೆನಡಾದ ಗೇಬ್ರಿಯೆಲಾ ಡಬ್ರೌಸ್ಕಿ ಅವರೊಡನೆ ಫ್ರೆಂಚ್ ಓಪನ್ ಮಿಶ್ರ ಜೋಡಿ ವಿಭಾಗದ ಅಂತಿಮ ಪಂದ್ಯ. ಮೊದಲ ಸೆಟ್ಟು 2-6ರಿಂದ ಸೋಲು, ಎರಡನೆಯದು 6-2ರಿಂದ ಗೆಲುವು. ನಿರ್ಣಾಯಕ ಹಂತದಲ್ಲಿ ಇನ್ನೊಂದೇ ಅಂಕ ಬಿಟ್ಟರೆ ಸೋಲು ಎಂಬ ಸ್ಥಿತಿಯನ್ನು ಎರಡು ಸಲ ದಾಟಿ 12-10ರಿಂದ ಗೆದ್ದರು. ಪೇಸ್, ಭೂಪತಿ, ಸಾನಿಯಾ ಅವರ ಬಳಿಕ ಗ್ರ್ಯಾಂಡ್ ಸ್ಲ್ಯಾಮ್ ಪ್ರಶಸ್ತಿ ಗೆದ್ದ ನಾಲ್ಕನೆಯ ಭಾರತೀಯರಾದರು. 2018ರ ಏಷ್ಯನ್ ಕ್ರೀಡೆಗಳಲ್ಲಿ ದಿವಿಜ್ ಶರಣ್ ಅವರ ಜೊತೆ ಚಿನ್ನ ಗೆದ್ದರು. ವಯಸ್ಸು ಮೂವತ್ತೆಂಟು. ಇಲ್ಲಿಗೆ ನಿಲ್ಲಿಸಿದ್ದರೂ ಯಾರೂ ಕೊರತೆ ಎನ್ನುತ್ತಿರಲಿಲ್ಲ. ಆದರೆ ಪುರುಷರ ಜೋಡಿಯಾಟದ ಗ್ರ್ಯಾಂಡ್ ಸ್ಲ್ಯಾಮ್, ಅಂದರೆ ಅವರ ವೃತ್ತಿಯ ಮುಖ್ಯ ಫಲ, ಇನ್ನೂ ಕೈಗೆ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಮೊಣಕಾಲುಗಳು ಮುನಿದವು. ಮೂಳೆಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿ ಎರಡೂ ಮೊಣಕಾಲುಗಳಲ್ಲಿ ಸವೆದುಹೋಗಿತ್ತು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಆರಿದಾಗ ಏನಾಗುವುದೋ ಅದೇ ಸ್ಥಿತಿ. ದಿನಕ್ಕೆ ಎರಡು ಮೂರು ನೋವಿನ ಗುಳಿಗೆ ನುಂಗಿ ಅಂಗಳಕ್ಕೆ ಇಳಿಯುತ್ತಿದ್ದೆನೆಂದು ಅವರೇ ಹೇಳಿಕೊಂಡಿದ್ದಾರೆ. ಸಾಂಕ್ರಾಮಿಕದಿಂದ ಲೋಕವೆಲ್ಲ ಬಾಗಿಲು ಹಾಕಿದ್ದ ದಿನಗಳಲ್ಲಿ ಅವರು ಬೆಂಗಳೂರಿನಲ್ಲಿ ಅಯ್ಯಂಗಾರ್ ಪದ್ಧತಿಯ ಯೋಗಕ್ಕೆ ಶರಣಾದರು. ಈ ಪದ್ಧತಿಯನ್ನು ರೂಪಿಸಿದ ಬಿ. ಕೆ. ಎಸ್. ಅಯ್ಯಂಗಾರರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು. ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಶಿಷ್ಯರಾಗಿದ್ದು, ಪುಣೆಯಲ್ಲಿ ನೆಲೆಸಿ, ಜಗತ್ತಿಗೆಲ್ಲ ಆಸನ ಕಲಿಸಿದವರು. ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಕುರ್ಚಿಗಳ ಆಸರೆಯಿಂದ ದೇಹವನ್ನು ಸರಿಯಾದ ನೆಲೆಗೆ ತರುವುದು ಈ ಪದ್ಧತಿಯ ವೈಶಿಷ್ಟ್ಯ. ಮೊಣಕಾಲಿನ ಸುತ್ತಣ ಸ್ನಾಯುಗಳು ಗಟ್ಟಿಯಾದವು, ನೋವು ಇಳಿಯಿತು, ಮನಸ್ಸೂ ನೆಮ್ಮದಿಗೊಂಡಿತು ಎಂದು ಬೋಪಣ್ಣನವರು ಮತ್ತೆ ಮತ್ತೆ ನೆನೆದಿದ್ದಾರೆ.

ಆದರೂ 2021ರ ಮೊದಲ ತಿಂಗಳುಗಳು ಕರಾಳವಾಗಿದ್ದವು. ಐದು ತಿಂಗಳು ಒಂದೇ ಒಂದು ಪಂದ್ಯವನ್ನೂ ಗೆಲ್ಲಲಾಗಲಿಲ್ಲ. ಪೋರ್ಚುಗಲ್ಲಿನಲ್ಲಿ ಒಂದು ದಿನ ಕಡಲನ್ನು ನೋಡುತ್ತ ಕುಳಿತು, ಮನೆಯಲ್ಲಿ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಬಿಟ್ಟು ಇಲ್ಲಿ ಏನು ಮಾಡುತ್ತಿದ್ದೇನೆ ಎಂದು ತಮ್ಮನ್ನೇ ಕೇಳಿಕೊಂಡರು. ವಾಚಕರೇ, ಈ ಪ್ರಶ್ನೆ ಟೆನ್ನಿಸ್ ಆಟಗಾರನೊಬ್ಬನದೇ ಅಲ್ಲ. ದುಡಿದ ದುಡಿಮೆಗೆ ಫಲ ಕಾಣದೆ ನಡುವಯಸ್ಸನ್ನು ದಾಟುತ್ತಿರುವ ಯಾರೇ ಆಗಲಿ ಒಂದಲ್ಲ ಒಂದು ಸಂಜೆ ಇದನ್ನು ಕೇಳಿಕೊಂಡಿರುತ್ತಾರೆ. ಬೋಪಣ್ಣನವರು ಆ ಸಂಜೆ ಬಿಟ್ಟುಬಿಡುವ ಹತ್ತಿರ ಬಂದಿದ್ದರು, ಬಿಡಲಿಲ್ಲ.

2022ರಲ್ಲಿ ಅಡಿಲೇಡ್ ಮತ್ತು ಪುಣೆಗಳಲ್ಲಿ ರಾಮಕುಮಾರ್ ರಾಮನಾಥನ್ ಅವರೊಡನೆ ಪ್ರಶಸ್ತಿಗಳು ಬಂದವು. ಅದೇ ವರ್ಷ ಫ್ರೆಂಚ್ ಓಪನ್ನಿನಲ್ಲಿ ನೆದರ್ಲ್ಯಾಂಡಿನ ಮಿಡೆಲ್‌ಕೂಪ್ ಅವರೊಡನೆ ಉಪಾಂತ್ಯಕ್ಕೆ ಬಂದು, ಅರೆವಾಲೊ ಮತ್ತು ಜೀನ್ ಜೂಲಿಯನ್ ರಾಯರ್ ಜೋಡಿಗೆ ಕೂದಲೆಳೆಯಷ್ಟರಲ್ಲಿ ಸೋತರು. ಆ ರಾಯರ್ ಅವರು ಮುಂದಿನ ಪಂದ್ಯವನ್ನೂ ಗೆದ್ದು, ನಲವತ್ತರ ವಯಸ್ಸಿನಲ್ಲಿ ಪುರುಷರ ಜೋಡಿಯಾಟದ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದ ಅತಿ ಹಿರಿಯರೆಂದು ಮುಕ್ತ ಯುಗದ ದಾಖಲೆ ಬರೆದರು. ಆ ದಾಖಲೆಯ ಆಯುಷ್ಯ ಎಷ್ಟೆಂಬುದು ಅಂದು ಯಾರಿಗೂ ತಿಳಿದಿರಲಿಲ್ಲ.

2023ರಲ್ಲಿ ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡನ್ ಜೊತೆಯಾದರು. ಬೋಪಣ್ಣನವರಿಗಿಂತ ಏಳು ವರ್ಷ ಕಿರಿಯರು. 2022ರಲ್ಲಿ ವಿಂಬಲ್ಡನ್ ಜೋಡಿ ಪ್ರಶಸ್ತಿ ಗೆದ್ದಿದ್ದವರು. ಬೋಪಣ್ಣನವರದು ಬಿರುಸಿನ ಸರ್ವ್ ಮತ್ತು ಭಾರಿ ಹೊಡೆತ. ಎಬ್ಡನ್ ಅವರದು ಚುರುಕು ಕಾಲು ಮತ್ತು ಸರ್ವನ್ನು ಮರಳಿಸುವ ಜಾಣ್ಮೆ. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿತ್ತು. ಮಾರ್ಚ್ ತಿಂಗಳಲ್ಲಿ ಇಂಡಿಯನ್ ವೆಲ್ಸ್ ಗೆದ್ದಾಗ, 43ರ ಬೋಪಣ್ಣನವರು ಆ ಶ್ರೇಣಿಯ ಪಂದ್ಯಾವಳಿಗಳನ್ನು ಗೆದ್ದ ಅತಿ ಹಿರಿಯ ಆಟಗಾರರಾದರು. ವಿಂಬಲ್ಡನ್ನಿನಲ್ಲಿ ಉಪಾಂತ್ಯ, ಸೆಪ್ಟೆಂಬರಿನಲ್ಲಿ ಅಮೆರಿಕನ್ ಓಪನ್ ಅಂತಿಮ ಪಂದ್ಯ. ಖುರೇಶಿಯವರೊಡನೆ ಅಲ್ಲಿ ನಿಂತು ಹದಿಮೂರು ವರ್ಷಗಳಾಗಿದ್ದವು.

ಆ ಅಂತಿಮ ಪಂದ್ಯದ ಒಂದು ಪ್ರಸಂಗವನ್ನು ಹೇಳಲೇಬೇಕು. ಮೂರನೆಯ ಸೆಟ್ಟು ನಡೆಯುತ್ತಿತ್ತು. ಒಂದು ಚೆಂಡು ಬೋಪಣ್ಣನವರ ತೋಳನ್ನು ಸವರಿ ಬಲೆಯ ಆಚೆ ಬಿದ್ದಿತು. ಪಂಚರು ಅದನ್ನು ಕಂಡಿರಲಿಲ್ಲ. ಚೆಂಡು ಮೈಗೆ ತಗಲಿದರೆ ಅಂಕ ಎದುರಾಳಿಗೆ ಸಲ್ಲಬೇಕೆಂಬುದು ನಿಯಮ. ಬೋಪಣ್ಣನವರು ತಾವಾಗಿಯೇ ಹೇಳಿ ಅಂಕವನ್ನು ಎದುರಾಳಿಗಳಿಗೆ ಬಿಟ್ಟುಕೊಟ್ಟರು. ಪಂದ್ಯವನ್ನು ಸೋತರು. ಇಪ್ಪತ್ತು ವರ್ಷ ಕಾದ ಫಲದ ಮುಂದೆ ನಿಂತಾಗಲೂ ತನ್ನದಲ್ಲದ ಒಂದು ಅಂಕವನ್ನು ಮುಟ್ಟದವರೆಂದು ಟೆನ್ನಿಸ್ ಲೋಕ ಅವರನ್ನು ನೆನೆಯುತ್ತದೆ. ಅದೇ ತಿಂಗಳು ಲಖನೌದಲ್ಲಿ ಮೊರೊಕ್ಕೊ ವಿರುದ್ಧ ತಮ್ಮ 33ನೆಯ ಡೇವಿಸ್ ಕಪ್ ಸುತ್ತನ್ನು ಆಡಿ ಆ ತಂಡಕ್ಕೆ ವಿದಾಯ ಹೇಳಿದರು. ಹಾಂಗ್ಝೌ ಏಷ್ಯನ್ ಕ್ರೀಡೆಗಳಲ್ಲಿ ಋತುಜಾ ಭೋಸಲೆಯವರೊಡನೆ ಮಿಶ್ರ ಜೋಡಿಯ ಚಿನ್ನ ಗೆದ್ದರು.

ಇನ್ನು 2024ರ ಜನವರಿ, ಮೆಲ್ಬರ್ನ್. ಮೊದಲ ಸುತ್ತೂ ಉಪಾಂತ್ಯವೂ ಮೂರನೆಯ ಸೆಟ್ಟಿನ ಟೈಬ್ರೇಕರಿನವರೆಗೆ ಎಳೆದವು. ಜನವರಿ 27ರ ಅಂತಿಮ ಪಂದ್ಯದಲ್ಲಿ ಎದುರಿಗೆ ಇಟಲಿಯ ಬೊಲೆಲ್ಲಿ ಮತ್ತು ವಾವಸ್ಸೋರಿ. ಮೊದಲ ಸೆಟ್ಟಿನ ಟೈಬ್ರೇಕರಿನಲ್ಲಿ ಎದುರಾಳಿಗಳಿಗೆ ಒಂದು ಅಂಕವೂ ಸಿಗಲಿಲ್ಲ. ಎರಡನೆಯದು 7-5. ಅರವತ್ತಕ್ಕೂ ಹೆಚ್ಚು ಗ್ರ್ಯಾಂಡ್ ಸ್ಲ್ಯಾಮ್ ಪಂದ್ಯಾವಳಿಗಳಲ್ಲಿ ಪುರುಷರ ಜೋಡಿಯಾಟ ಆಡಿದ ಬಳಿಕ, 43 ವರ್ಷ ಹತ್ತು ತಿಂಗಳ ವಯಸ್ಸಿನಲ್ಲಿ, ಬೋಪಣ್ಣನವರು ಮೊದಲ ಸಲ ಆ ಬಟ್ಟಲನ್ನು ಎತ್ತಿದರು. ರಾಯರ್ ಅವರ ದಾಖಲೆ ಎರಡು ವರ್ಷವೂ ಬಾಳಲಿಲ್ಲ. ಜನವರಿ 29ರ ಪಟ್ಟಿಯಲ್ಲಿ ಜೋಡಿಯಾಟಗಾರರ ಮೊದಲನೆಯ ಸ್ಥಾನದಲ್ಲಿ ಅವರ ಹೆಸರಿತ್ತು. ಅಷ್ಟು ಹಿರಿಯ ವಯಸ್ಸಿನಲ್ಲಿ ಮೊದಲ ಬಾರಿಗೆ ಆ ಸ್ಥಾನಕ್ಕೆ ಏರಿದವರು ಇನ್ನೊಬ್ಬರಿಲ್ಲ. ಆ ವರ್ಷ ಭಾರತ ಸರ್ಕಾರ ಪದ್ಮಶ್ರೀ ನೀಡಿ ಗೌರವಿಸಿತು. ಮಾರ್ಚಿನಲ್ಲಿ ಮಯಾಮಿಯಲ್ಲಿ ಎಬ್ಡನ್ ಅವರೊಡನೆಯೇ ಗೆದ್ದು, ಇಂಡಿಯನ್ ವೆಲ್ಸಿನಲ್ಲಿ ತಾವು ಬರೆದ ದಾಖಲೆಯನ್ನು ತಾವೇ ಮುರಿದರು. ಅದು ಅವರ 26ನೆಯ ಮತ್ತು ಕಡೆಯ ಪ್ರಶಸ್ತಿ.

ಜೋಡಿಯಾಟದಲ್ಲಿ ಓಟ ಕಡಿಮೆ, ಹಾಗಾಗಿ ನಲವತ್ತು ದಾಟಿದವರೂ ಆಡಬಹುದು ಎಂದು ಕೆಲವರು ಹಗುರವಾಗಿ ಹೇಳುವುದುಂಟು. ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಹಾಗೆ ಆಡಬಹುದಾಗಿದ್ದ ಎಲ್ಲರೂ ಏಕೆ ಆಡಲಿಲ್ಲ, ಗೆಲ್ಲಲಿಲ್ಲ ಎಂದು ನಾವು ಕೇಳಬೇಕು. ಇಪ್ಪತ್ತರ ಹುಡುಗರು ಗಂಟೆಗೆ ಇನ್ನೂರು ಕಿಲೋಮೀಟರಿನ ವೇಗದಲ್ಲಿ ಹೊಡೆದ ಚೆಂಡಿಗೆ ಎದುರು ನಿಲ್ಲಲು ಕಣ್ಣು, ಕೈ, ಧೈರ್ಯಗಳು ಮುಪ್ಪಾಗಿರಬಾರದು. ಅದಕ್ಕಿಂತ ಹೆಚ್ಚಾಗಿ, ಒಂದು ಜೋಡಿ ಮುರಿದಾಗ ಇನ್ನೊಬ್ಬರ ಹೆಜ್ಜೆಯನ್ನು ಮೊದಲಿನಿಂದ ಕಲಿಯುವ ತಾಳ್ಮೆ ಇರಬೇಕು. ಬ್ಯುಟೊರಾಕ್, ಖುರೇಶಿ, ಭೂಪತಿ, ಮೆರ್ಜಿಯಾ, ಕ್ಯುವಾಸ್, ಎಬ್ಡನ್: ಹೀಗೆ ಬೇರೆ ಬೇರೆ ದೇಶಗಳ, ಬೇರೆ ಬೇರೆ ಸ್ವಭಾವಗಳ ಜೊತೆಗಾರರೊಡನೆ ಅವರು ಗೆದ್ದರು. ಹಿರಿಯನೆಂಬ ಹಮ್ಮಿನಿಂದ ಇದು ಸಾಧ್ಯವಾಗುವ ಕೆಲಸವಲ್ಲ.

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಶ್ರೀರಾಮ್ ಬಾಲಾಜಿಯವರೊಡನೆ ಮೊದಲ ಸುತ್ತಿನಲ್ಲೇ ಸೋತು, ಅಲ್ಲಿಗೆ ಭಾರತದ ಪರವಾಗಿ ಆಡುವುದನ್ನು ಮುಗಿಸಿದರು. ಒಲಿಂಪಿಕ್ ಪದಕ ಕೊನೆಗೂ ದಕ್ಕಲಿಲ್ಲ. 2025ರಲ್ಲಿ ಟೋಕಿಯೊ ಪಂದ್ಯಾವಳಿಯಲ್ಲಿ ಜಪಾನಿನ ಯುವ ಆಟಗಾರನೊಡನೆ ಅಂತಿಮ ಪಂದ್ಯದವರೆಗೂ ಹೋದರು. ಅಕ್ಟೋಬರ್ ಕೊನೆಗೆ ಪ್ಯಾರಿಸ್ಸಿನಲ್ಲಿ ಕಜಕಸ್ತಾನದ ಬುಬ್ಲಿಕ್ ಅವರ ಜೊತೆ ಆಡಿದ್ದೇ ಕಡೆಯ ಪಂದ್ಯ, ಅದೂ ಸೋಲೇ. ವಿದಾಯಪತ್ರ ಬಂದದ್ದು ಅದಾದ ಮೇಲೆ.

ಅವರ ಹೆಸರಿನ ತರಬೇತಿ ಶಾಲೆ ಬೆಂಗಳೂರಿನಲ್ಲಿದೆ. ಆದರೆ ಯಾದಗಿರಿ, ಶಹಾಪುರ, ಸುರಪುರಗಳ ಮಗುವಿಗೆ ಬೆಂಗಳೂರು ಹತ್ತಿರದ ಊರಲ್ಲ. ವನದುರ್ಗದ ಬಯಲಿನಲ್ಲಿ ಹುಡುಗರು ಕ್ರಿಕೆಟ್ ಆಡುವುದನ್ನು ನೋಡಿದ್ದೇನೆ, ವಾಲಿಬಾಲ್ ಬಲೆಯನ್ನೂ ನೋಡಿದ್ದೇನೆ. ಟೆನ್ನಿಸ್ ಬಲೆಯನ್ನು ನೋಡಿಲ್ಲ. ಹುಲ್ಲುಹಾಸು ಬೇಡ, ಗ್ಯಾಲರಿ ಬೇಡ. ಸಮತಟ್ಟಾದ ಗಟ್ಟಿ ನೆಲ, ನಡುವೆ ಮೂರಡಿ ಎತ್ತರದ ಒಂದು ಬಲೆ, ಸುಣ್ಣದ ಗೆರೆ, ಕಲಿಸುವ ಒಬ್ಬ ಮೇಷ್ಟ್ರು, ಇಷ್ಟಿದ್ದರೆ ಆರಂಭಕ್ಕೆ ಸಾಕು. ಪ್ರೌಢಶಾಲೆಗಳ ಮೈದಾನದ ಒಂದು ಮೂಲೆ ಇದಕ್ಕೆ ಒದಗಬಾರದೆ? ನಿಮ್ಮ ಊರಿನ ಶಾಲಾ ಸಮಿತಿಯಲ್ಲಿ ನೀವಿದ್ದರೆ ಈ ಮಾತನ್ನು ಒಮ್ಮೆ ಎತ್ತಿ ನೋಡಿ. ಹನ್ನೊಂದಕ್ಕೆ ರ್ಯಾಕೆಟ್ಟು ಹಿಡಿದು, ಹತ್ತೊಂಬತ್ತಕ್ಕೆ ದಾರಿ ಗೊತ್ತುಮಾಡಿಕೊಂಡು, ನಲವತ್ಮೂರಕ್ಕೆ ಜಗತ್ತಿನಲ್ಲಿ ಮೊದಲನೆಯವರಾದವರೊಬ್ಬರು ನಮ್ಮ ರಾಜ್ಯದಲ್ಲೇ ಇದ್ದಾರೆ. ತಡವಾಯಿತು ಎಂಬ ನೆಪವನ್ನು ಮಕ್ಕಳ ಮುಂದೆ ಹೇಳುವ ಮೊದಲು ಅವರನ್ನು ನೆನೆಯೋಣ.

ವನದುರ್ಗದ ಆ ರೈತರನ್ನು ಮುಂದಿನ ವರ್ಷ ಮತ್ತೆ ಕಂಡೆ. ಮೂರನೆಯ ಜಾತ್ರೆಯಲ್ಲಿ ಅವರಿಗೆ ಎತ್ತು ಸಿಕ್ಕಿತ್ತು. ಮೊದಮೊದಲು ಎರಡೂ ನೊಗವನ್ನು ತಲೆಗೊಂದು ಕಡೆ ಎಳೆದವಂತೆ. ತಿಂಗಳು ಕಾಲ ಭಾರದ ಕೆಲಸಕ್ಕೆ ಹಚ್ಚದೆ, ಬರಿಯ ಬಂಡಿಗೆ ಕಟ್ಟಿ ಊರ ಸುತ್ತ ನಡೆಸಿದೆನೆಂದು ಹೇಳಿದರು. ನಾನು ನೋಡಿದಾಗ ಅವೆರಡೂ ಹೊಲದಲ್ಲಿ ಕುಂಟೆ ಎಳೆಯುತ್ತಿದ್ದವು.